ಶಿರೀಷಾಳ ಜೀತಂ

ಗುರುಶಾಂತಮ್ಮನವರು ಬಿದ್ದದ್ದು ತೂಕದ ಕಾಟಾ ನೋಡಲು ಹೋಗಿ. ಆಂಧ್ರದ ಕೌತಾಳಂ ಕಡೆಯ ಅವರ ಊರಿನಲ್ಲಿ ಅವರಿಗೆ ಹದಿನೆಂಟು ಎಕರೆ ಹತ್ತಿ ಹೊಲ. ಬಿಡಿಸಲು ಪಕ್ಕದ ಊರಿನಿಂದ ಆಟೋ ತುಂಬ ಹೆಣ್ಣಾಳುಗಳು ಬರುತ್ತಿದ್ದರು. ಕೂಲಿ ಕಿಲೋ ಲೆಕ್ಕ, ಸಂಜೆ ಮನೆಯಂಗಳದಲ್ಲಿ ತೂಕ. ಮಗ ರುದ್ರೇಶ ತೂಗಿದರೆ ಅವನ ಕೈ ಸಡಿಲ ಎಂಬ ಅನುಮಾನ, ಆಳುಗಳು ತೂಗಿದರೆ ಅವರು ಜಾಣೆಯರು ಎಂಬ ಅನುಮಾನ. ಹೀಗಾಗಿ ಎಪ್ಪತ್ತೆರಡನೆಯ ವಯಸ್ಸಿನಲ್ಲೂ ಕನ್ನಡಕ ಏರಿಸಿಕೊಂಡು, ಕಟ್ಟೆ ಹತ್ತಿ, ಮುಳ್ಳು ಎಲ್ಲಿ ನಿಂತಿತೆಂದು ತಾವೇ ನೋಡುತ್ತಿದ್ದರು. ಆ ದಿನ ಮುಳ್ಳು ನಿಲ್ಲುವ ಮೊದಲೇ ಕಾಲು ಜಾರಿತು. ಅರ್ಧ ಹತ್ತಿಯ ಮೇಲೆ ಬಿದ್ದರು, ಅರ್ಧ ಕಲ್ಲಿನ ಮೇಲೆ. ಕಲ್ಲಿನ ಪಾಲಿಗೆ ಬಂದ ಅರ್ಧದಲ್ಲಿ ಎಡಗಾಲಿತ್ತು.

ಆಂಬುಲೆನ್ಸಿನಿಂದ ಇಳಿದವಳು ಶಿರೀಷಾ. ಬಿಎಸ್ಸಿ ಮುಗಿಸಿ, ತರಬೇತಿ ಪಡೆದು, ನಾಲ್ಕು ವರ್ಷದಿಂದ ಆ ಗಾಡಿಯಲ್ಲಿ ರೋಗಿಗಳನ್ನು ನೋಡಿಕೊಳ್ಳುತ್ತಿದ್ದ ಹುಡುಗಿ. ಅಂಗಳಕ್ಕೆ ಕಾಲಿಟ್ಟವಳಿಗೆ ಮೊದಲು ಕಂಡದ್ದು ಹತ್ತಿ ಗಂಟುಗಳ ನಡುವೆ ನಿಂತಿದ್ದ ತನ್ನ ತಾಯಿ ಸುಂಕಮ್ಮ. ಸುಂಕಮ್ಮ ತಲೆಯನ್ನು ಅಷ್ಟೇ ಅಷ್ಟು ಅಲ್ಲಾಡಿಸಿದಳು. ಗುರುತು ತೋರಿಸಬೇಡ ಎಂದು ಅರ್ಥ. ಕಾರಣ ಶಿರೀಷಾಳಿಗೆ ಗೊತ್ತಿತ್ತು. ಅವತ್ತು ಬೆಳಿಗ್ಗೆ ಕಿಲೋಗೆ ಎರಡು ರೂಪಾಯಿ ಹೆಚ್ಚು ಕೊಡಿ ಎಂದು ಎಲ್ಲರ ಪರವಾಗಿ ಕೇಳಿದವಳು ಸುಂಕಮ್ಮನೇ. ಬರುವ ವರ್ಷ ನೋಡೋಣ ಎಂದು ಗುರುಶಾಂತಮ್ಮನವರು ಸತತ ಮೂರನೆಯ ವರ್ಷ ಹೇಳಿದ್ದರು. ಮಧ್ಯಾಹ್ನ ಬುತ್ತಿ ಬಿಚ್ಚುವಾಗ ತಾಯಿ ಫೋನು ಮಾಡಿ ಇದನ್ನೆಲ್ಲ ಮಗಳ ಮುಂದೆ ಹೇಳಿಕೊಂಡಿದ್ದಳು. ಮಗಳ ಉಪಕಾರ ತೋರಿಸಿ ಕೂಲಿ ಏರಿಸಿಕೊಂಡಳು ಎಂದು ನಾಳೆ ಯಾರೂ ಅನ್ನಬಾರದು, ಅಷ್ಟೇ ಆಕೆಯ ಹಟ.

ಕಾಲಿಗೆ ಪಟ್ಟಿ ಕಟ್ಟಿ, ಸೂಜಿ ಹಾಕಿ, ಗಾಡಿ ಆದೋನಿಯ ದಾರಿ ಹಿಡಿಯಿತು. ಹೀಗೆ ಎಲುಬು ಮುರಿದವರನ್ನು ಮಾತಿಗೆ ಎಳೆದು ನೋವು ಮರೆಸಬೇಕೆಂದು ಶಿರೀಷಾಳಿಗೆ ತರಬೇತಿಯಲ್ಲಿ ಕಲಿಸಿದ್ದರು. ಇಲ್ಲಿ ಆ ಶ್ರಮ ಬೇಕಾಗಲಿಲ್ಲ. ಊರ ಗಡಿ ದಾಟುವಷ್ಟರಲ್ಲಿ ಗುರುಶಾಂತಮ್ಮನವರು ಆಕೆಯ ವಯಸ್ಸು, ಓದು, ಮದುವೆಯಾಗದಿರಲು ಕಾರಣ ಇಷ್ಟನ್ನೂ ಕೇಳಿ ಮುಗಿಸಿದ್ದರು. ಆಮೇಲೆ, ಜೀತಂ ಎಷ್ಟು ಕೊಡ್ತಾರ ಎಂದರು. ಆ ಸೀಮೆಯಲ್ಲಿ ಸಂಬಳಕ್ಕೆ ಹಾಗೆನ್ನುವುದೇ ರೂಢಿ. ತೆಲುಗಿನಿಂದ ಬಂದ ಮಾತು, ಯಾರೂ ವಾಪಸು ಕಳಿಸಿಲ್ಲ.

ನಾಲ್ಕು ವರ್ಷದಲ್ಲಿ ರೋಗಿಗಳ ಕಡೆಯವರು ಶಿರೀಷಾಳ ಹತ್ತಿರ ನೀರು ಕೇಳಿದ್ದರು, ಚಾರ್ಜರ್ ಕೇಳಿದ್ದರು, ಗಾಡಿ ಇಷ್ಟು ಮೆಲ್ಲಗೆ ಯಾಕೆ ಹೋಗುತ್ತಿದೆ ಎಂದು ಕೇಳಿದ್ದರು. ಇದನ್ನು ಯಾರೂ ಕೇಳಿರಲಿಲ್ಲ. ಆಕೆ ಸಣ್ಣ ದನಿಯಲ್ಲಿ ಹೇಳಿದಳು.

"ವಾರಕ್ಕೇನವ್ವಾ?"

"ತಿಂಗಳಿಗ್ರಿ ಅಮ್ಮಾರೆ."

ಗುರುಶಾಂತಮ್ಮನವರಿಗೆ ಕಾಲು ಮರೆತೇ ಹೋಯಿತು. ಮಲಗಿದ ಕಡೆಯಿಂದಲೇ ಒಂದೊಂದಾಗಿ ವಿಚಾರಿಸಿದರು. ದಿನಕ್ಕೆ ಹನ್ನೆರಡು ತಾಸು ಕೆಲಸ. ನೇಮಕ ಸರ್ಕಾರದ್ದಲ್ಲ, ಗುತ್ತಿಗೆ ಕಂಪನಿಯದು. ದುಡ್ಡು ಒಂದನೇ ತಾರೀಖಿಗೆ ಬರಬೇಕಾದ್ದು ಹದಿನೈದಕ್ಕೆ ಬಂದರೂ ಬಂತು. ಆದೋನಿಯ ಬಾಡಿಗೆ ಕೋಣೆ, ಗ್ಯಾಸು, ಬಸ್ಸು ಎಂದು ಅದು ಕರಗಿದ ಮೇಲೆ ತಿಂಗಳ ಕೊನೆಗೆ ತಾಯಿಯ ಮುಂದೆ ಕೈಚಾಚುವುದು. ತಾಯಿ ಏನು ಮಾಡುತ್ತಾಳೆ ಎಂದು ಕೇಳಿದರು. ಹೊಲದಾಗ ಇರ್ತಾಳ್ರಿ ಎಂದಳು ಶಿರೀಷಾ. ಅಂದ್ರ ಹೊಲಮನಿ ಐತಿ, ಪುಣ್ಯ ಎಂದರು ಗುರುಶಾಂತಮ್ಮನವರು. ಶಿರೀಷಾ ಅವರ ಬಿಪಿ ಎಷ್ಟಿದೆ ಎಂದು ಬಹಳ ಹೊತ್ತು ನೋಡಿದಳು. ಮುಂದೆ ಗಾಡಿ ಓಡಿಸುತ್ತಿದ್ದ ಹೊನ್ನೂರಪ್ಪನಿಗೆ ಎಲ್ಲಿಂದಲೋ ಕೆಮ್ಮು ಬಂತು.

"ಇದು ತೆಲುಗಿನ ಜೀತಂ ಅಲ್ಲವ್ವಾ," ಎಂದರು ಗುರುಶಾಂತಮ್ಮನವರು. "ಕನ್ನಡದ ಜೀತ."

ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕುತ್ತಿದ್ದ ಡಾಕ್ಟರಿಗೂ ಅವರು ಅದನ್ನೇ ಹೇಳಿದರು. ನರ್ಸಮ್ಮಗಳಿಗೆ ಹೇಳಿದರು. ಪಕ್ಕದ ಮಂಚದ ಹೆಂಗಸಿಗೆ ದಿನಕ್ಕೆರಡು ಸಲ ಹೇಳಿದರು. ನೋಡಲು ಬಂದ ನೆಂಟರು ಬಾಳೆಹಣ್ಣು ಕೆಳಗಿಟ್ಟು ಕಾಲು ಹೇಗಿದೆ ಎಂದರೆ, ಕಾಲು ಹಾಳಾಗಲಿ, ಆ ಹುಡುಗಿಯ ಪಗಾರ ಕೇಳಿದಿರಾ ಎಂದು ಶುರುಮಾಡುತ್ತಿದ್ದರು. ದುಡಿಯುವವರ ಹೊಟ್ಟೆ ಕಟ್ಟಿ ಉಳಿಸಿದ ದುಡ್ಡು ಯಾರಿಗೂ ದಕ್ಕುವುದಿಲ್ಲ ಎಂದು ಅವರು ಹೇಳುವಾಗ ರುದ್ರೇಶ ಕಿಟಕಿಯ ಹೊರಗೆ ನೋಡುತ್ತಿದ್ದ. ಮನೆಯ ಕೂಲಿ ಹಂಚುತ್ತಿದ್ದವನು ಅವನೇ.

ಮೂರು ವಾರದ ನಂತರ ಶಿರೀಷಾಳ ರಜೆಯ ದಿನ ರುದ್ರೇಶನ ಫೋನು ಬಂತು. ನಿಮ್ಮ ಪಗಾರ ಏರಿಸಬೇಕೆಂದು ಅಮ್ಮ ಅರ್ಜಿ ಬರೆಸಿದ್ದಾಳೆ, ನಿಮ್ಮ ಸಹಿ ಬೇಕಂತೆ, ನೀವು ಬರದಿದ್ದರೆ ತಾನೇ ಮಂಚ ಸಮೇತ ಬರುತ್ತಾಳಂತೆ ಎಂದ. ಶಿರೀಷಾಳಿಗೆ ದಿಗಿಲಾಯಿತು. ಅರ್ಜಿಯಲ್ಲಿ ಹೆಸರು ಕಂಡರೆ ಇರುವ ಕೆಲಸವೂ ಹೋದೀತು. ಅದನ್ನು ಹೇಳಿ ಬಂದುಬಿಡೋಣ ಎಂದು ಸಂಜೆಯ ಬಸ್ಸಿಗೆ ಹೊರಟಳು.

ಅಂಗಳದಲ್ಲಿ ತೂಕ ನಡೆದಿತ್ತು. ಗುರುಶಾಂತಮ್ಮನವರು ಕಾಟಾದ ಎದುರಿಗೇ ಮಂಚ ಹಾಕಿಸಿಕೊಂಡು, ದಿಂಬಿನ ಮೇಲೆ ಪ್ಲಾಸ್ಟರ್ ಕಾಲು ಇಟ್ಟುಕೊಂಡು ಕೂತಿದ್ದರು. ಶಿರೀಷಾಳ ಹೆದರಿಕೆ ಕೇಳಿದ ಮೇಲೆ, ಹೆಸರು ಬ್ಯಾಡಂದ್ರ ಬ್ಯಾಡ, ಆಂಬುಲೆನ್ಸಿನವರೆಲ್ಲರ ಸಲುವಾಗಿ ಸುತ್ತಲಿನ ಊರವರೇ ಕೇಳಿದಂತೆ ಆಗಲಿ ಎಂದರು. ಹಾಗಾದರೆ ಊರವರ ಸಹಿ ಬೇಕಲ್ಲ. ಎದುರಿಗೆ ಹದಿನಾಲ್ಕು ಹೆಣ್ಣಾಳುಗಳು ಕೂಲಿಗಾಗಿ ನಿಂತಿದ್ದರು. ಎಲ್ಲರೂ ಕೇಳ್ರಿ, ಆಮ್ಯಾಗ ರುಜು ಹಾಕ್ರಿ ಎಂದು ಅಪ್ಪಣೆಯಾಯಿತು. ತಾಯಿಯ ಕಡೆ ನೋಡದಂತೆ ಶಿರೀಷಾ ಗೋಡೆಗೊರಗಿ ನಿಂತಳು.

ರುದ್ರೇಶ ತೆಲುಗಿನಲ್ಲಿ ಬರೆದದ್ದನ್ನು ಕನ್ನಡದಲ್ಲಿ ಓದಿದ. ಮಳೆ ಬಿಸಿಲೆನ್ನದೆ ದುಡಿಯುತ್ತಾರೆ. ಎಣ್ಣೆ, ಬೇಳೆ, ಬಸ್ ಚಾರ್ಜು ಎಲ್ಲ ಏರಿದರೂ ಮೂರು ವರ್ಷದಿಂದ ಕೊಡುವುದು ಅಷ್ಟೇ. ಕೇಳಿದರೆ ಮುಂದೆ ನೋಡೋಣ ಎನ್ನುತ್ತಾರೆ. ಇಂಥ ದುಡಿಮೆಯಲ್ಲಿ ಒಂದು ಸಂಸಾರ ಹೇಗೆ ನಡೆಯಬೇಕು? ಓದುತ್ತ ಓದುತ್ತ ಅವನ ದನಿ ಇಳಿಯುತ್ತ ಬಂತು. ಗುರುಶಾಂತಮ್ಮನವರು ಮಾತ್ರ ಪ್ರತಿ ಸಾಲಿಗೂ ತಲೆದೂಗುತ್ತಿದ್ದರು. ಹೇಳಿ ಬರೆಸಿದವರು ತಾವೇ ಆದ್ದರಿಂದ ಅವರಿಗೆ ಅದು ಬಹಳ ಹಿಡಿಸಿತ್ತು.

ಮೊದಲ ಸಹಿಗೆ ಸುಂಕಮ್ಮನನ್ನು ಕರೆದರು. ಆಕೆ ಸೆರಗಿಗೆ ಕೈ ಒರೆಸಿಕೊಂಡು ಹಾಳೆ ತೆಗೆದುಕೊಂಡಳು. ಅಕ್ಷರ ಬಲ್ಲವಳು. ಮೇಲಿಂದ ಕೆಳಗೆ ಒಮ್ಮೆ ಕಣ್ಣಾಡಿಸಿದಳು.

"ಅರ್ಜಿ ಭಾಳ ಚಂದ ಐತ್ರಿ ಅಮ್ಮಾರೆ," ಎಂದಳು. "ಇದರಾಗ ಆಂಬುಲೆನ್ಸ್ ಅನ್ನೋದು ತೆಗದು ಹತ್ತಿ ಅಂತ ಬರೆದ್ರ ನಮಗೂ ಆಗ್ತೈತಿ."

ಯಾರೂ ನಗಲಿಲ್ಲ. ನಗು ತಡೆಯಲು ಒಬ್ಬಿಬ್ಬರು ಹತ್ತಿ ಗಂಟು ಬಿಗಿಯತೊಡಗಿದರು. ಗುರುಶಾಂತಮ್ಮನವರು ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು. ಸುಂಕಮ್ಮನನ್ನು ನೋಡಿದರು, ಗೋಡೆಗೊರಗಿದ್ದ ಶಿರೀಷಾಳನ್ನು ನೋಡಿದರು. ಅದೇ ಮೂಗು ಎರಡು ಕಡೆ ಕಂಡಿರಬೇಕು. ಈ ಹುಡುಗಿ ನಿನಗೇನಾಗಬೇಕು ಎಂದು ಸುಂಕಮ್ಮನನ್ನು ಕೇಳಿದರು.

"ಮಗಳ್ರಿ."

"ಹೊಲದಾಗ ಇರ್ತಾಳ ಅಂದಿದ್ದಿ ನಿಮ್ಮವ್ವ," ಎಂದು ಶಿರೀಷಾಳ ಕಡೆ ತಿರುಗಿದರು.

"ಹೊಲದಾಗೇ ಇರ್ತಾಳಲ್ರಿ ಅಮ್ಮಾರೆ. ನಿಮ್ಮ ಹೊಲದಾಗ."

ಗುರುಶಾಂತಮ್ಮನವರು ಸುಮಾರು ಹೊತ್ತು ಪ್ಲಾಸ್ಟರಿನ ಅಂಚಿನಲ್ಲಿ ತುರಿಸಿಕೊಂಡರು. ಆಮೇಲೆ, ಎಷ್ಟು ಕೇಳಿದ್ದಿ ಅವತ್ತು ಎಂದರು. ಎರಡು ರೂಪಾಯಿ ಎಂದಳು ಸುಂಕಮ್ಮ. ಒಂದು ಎಂದರು ಅವರು. ಅರ್ಜಿಯಲ್ಲಿ ಮೂರು ವರ್ಷ ಎಂದು ಬರೆದಿದೆ, ವರ್ಷಕ್ಕೊಂದಾದರೂ ಮೂರಾಗಬೇಕು, ನಾವು ಎರಡೇ ಕೇಳಿದ್ದೇವೆ ಎಂದಳು ಸುಂಕಮ್ಮ. ಒಂದೂವರೆ ಎಂದರು ಗುರುಶಾಂತಮ್ಮನವರು. ಆಗ ರುದ್ರೇಶ, ಅರ್ಜಿ ಇನ್ನೊಮ್ಮೆ ಓದಲೇನವ್ವಾ ಎಂದು ಮೆಲ್ಲಗೆ ಕೇಳಿದ. ಅವನನ್ನು ದುರುಗುಟ್ಟಿ ನೋಡಿ, ಎರಡು ರೂಪಾಯಿ, ಆದರೆ ಸೋಮವಾರದಿಂದ ಎಂದು ಗುರುಶಾಂತಮ್ಮನವರು ಮುಗಿಸಿದರು. ಹದಿನಾಲ್ಕು ಸಹಿಗಳು ಬಿದ್ದವು. ಅಷ್ಟು ಖುಷಿಯಿಂದ ಸಹಿ ಹಾಕಿದ ಅರ್ಜಿ ಆ ವಾರ ಆದೋನಿಯ ಸರ್ಕಾರಿ ಆಫೀಸಿಗೆ ಬೇರೆ ಯಾವುದೂ ಬಂದಿರಲಿಕ್ಕಿಲ್ಲ.

ತಿಂಗಳ ಕೊನೆಯಲ್ಲಿ ಶಿರೀಷಾ ಎಂದಿನಂತೆ ತಾಯಿಯ ಮುಂದೆ ಕೈಚಾಚಿದಳು. ಈ ಸಲ ಗೊಣಗದೆ ಸುಂಕಮ್ಮ ನೋಟುಗಳನ್ನು ಮಗಳ ಕೈಯಲ್ಲಿಟ್ಟು, ನನ್ನ ಕೂಲಿ ಏರೈತಿ, ನಿಂದು ಯಾವಾಗವ್ವ ಎಂದು ನಕ್ಕಳು. ಶಿರೀಷಾಳೂ ನಕ್ಕಳು. ಬಸ್ಸಿನಲ್ಲಿ ಕೂತ ಮೇಲೆ ಆ ನಗು ಎಲ್ಲೋ ಚುಚ್ಚಿತು. ಇಷ್ಟು ಓದಿ, ಎಷ್ಟೋ ಜನರನ್ನು ಉಸಿರು ಹೋಗದಂತೆ ಹಿಡಿದು ಆಸ್ಪತ್ರೆ ಮುಟ್ಟಿಸಿ, ಕೊನೆಗೆ ತನ್ನನ್ನು ಸಾಕುತ್ತಿರುವುದು ಅವ್ವನ ಹತ್ತಿ. ಮರುದಿನ ಹೊನ್ನೂರಪ್ಪನಿಗೆ ಹೇಳಿಕೊಂಡಾಗ, ನಾನೂ ರಜೆಯ ದಿನ ಅಣ್ಣನ ಟ್ರ್ಯಾಕ್ಟರ್ ಓಡಿಸಿ ಮನೆ ನಡೆಸುತ್ತೇನೆ, ನಾವಿಬ್ಬರೂ ಒಕ್ಕಲುತನದವರೇ, ಆಂಬುಲೆನ್ಸು ಬರೀ ಹವ್ಯಾಸ ಎಂದ. ಅಷ್ಟರಲ್ಲಿ ಎಮ್ಮಿಗನೂರು ರಸ್ತೆಯಿಂದ ಕರೆ ಬಂತು. ಹವ್ಯಾಸಿಗಳಿಬ್ಬರೂ ಗಾಡಿ ಹತ್ತಿದರು.

ಅರ್ಜಿಗೆ ಒಂದೂವರೆ ತಿಂಗಳ ಮೇಲೆ ಉತ್ತರ ಬಂತು. ಸಂಬಂಧಪಟ್ಟವರಿಗೆ ಕಳಿಸಲಾಗಿದೆ ಎಂದಿತ್ತು. ಆ ಸಂಬಂಧಪಟ್ಟೋರ ಮನಿ ಎಲ್ಲೈತಿ ಎಂದು ಗುರುಶಾಂತಮ್ಮನವರು ಶಿರೀಷಾಳಿಗೇ ಫೋನು ಮಾಡಿ ಕೇಳಿದರು. ಕರ್ನೂಲಿನಲ್ಲಿ ಇರಬಹುದು ಎಂದಳು. ಹಾಗಾದರೆ ಕರ್ನೂಲಿಗೆ ಹೋಗೋಣ, ಪ್ಲಾಸ್ಟರ್ ತೆಗೆದಾಗಿದೆ, ವಾಕರ್ ಹಿಡಿದು ನಡೆಯಬಲ್ಲೆ, ಆಂಬುಲೆನ್ಸ್ ಕಳಿಸು ಎಂದರು. ಗಾಡಿಯನ್ನು ಅಂಥದ್ದಕ್ಕೆ ಕಳಿಸಲು ಬರುವುದಿಲ್ಲ ಎಂದು ತಿಳಿಸಿ ಹೇಳಲು ಹತ್ತು ನಿಮಿಷ ಹಿಡಿಯಿತು. ಕೊನೆಗೆ ಬರುವ ರಜೆಯ ದಿನ ಬಸ್ಸಿನಲ್ಲಿ ಹೋಗುವುದೆಂದು ತೀರ್ಮಾನವಾಯಿತು. ಕಂಪನಿಯವರು ಕಂಡರೆ ಕಾಣಲಿ ಎಂದು ಶಿರೀಷಾಳಿಗೆ ಮೊದಲ ಸಲ ಅನ್ನಿಸಿತು. ಸುಂಕಮ್ಮ ಮಾತಿನಲ್ಲಿ ಗಟ್ಟಿ, ಅವಳನ್ನೂ ಕರೆದುಕೊಂಡು ಬಾ ಎಂದರು ಗುರುಶಾಂತಮ್ಮನವರು.

ಅವತ್ತು ತಾಯಿಯ ಮನೆಗೆ ಬಂದಿದ್ದ ಶಿರೀಷಾ ಫೋನಿಗೆ ಅಂಗೈ ಅಡ್ಡ ಹಿಡಿದು ತಾಯಿಗೆ ವಿಷಯ ಹೇಳಿದಳು. ರೊಟ್ಟಿ ಬಡಿಯುತ್ತಿದ್ದ ಸುಂಕಮ್ಮ ತಲೆ ಎತ್ತಲಿಲ್ಲ.

"ಬರ್ತೀನಿ ಅನ್ನು," ಎಂದಳು. "ಆ ದಿನದ ಕೂಲಿ ಯಾರು ಕೊಡ್ತಾರ, ಅದನ್ನ ಮೊದಲ ಕೇಳು."