ದೊರೆಸಾನಿಗೆ ಎರಡನೇ ಸೂಜಿ

ಪ್ರಾಣಿ ಆಸ್ಪತ್ರೆಯ ಲ್ಯಾಬಿನಲ್ಲಿ ಯಂತ್ರವು ಚೀಟಿಯನ್ನು ಹೊರಗೆ ತಳ್ಳಿತು. ಲ್ಯಾಬಿನ ಹುಡುಗಿ ಅದನ್ನು ಎರಡು ಸಲ ಓದಿದಳು. ಉರಿಯೂತದ ಗುರುತಾದ ಸಿಆರ್‌ಪಿ ಆಕಾಶ ಮುಟ್ಟಿದೆ. ಪ್ಲೇಟ್‌ಲೆಟ್ ಹನ್ನೆರಡೇ ಸಾವಿರ; ಎರಡು ಲಕ್ಷವಾದರೂ ಇರಬೇಕಿತ್ತು.

ರಕ್ತ ದೊರೆಸಾನಿಯದು. ಪಕ್ಕದ ಕೋಣೆಯಲ್ಲಿ ಏದುಸಿರು ಬಿಡುತ್ತಿದ್ದ, ಮೂತಿ ನರೆತ ಹೆಣ್ಣುನಾಯಿ. ಗರ್ಭಕೋಶದಲ್ಲಿ ಕೀವು ತುಂಬಿ ಮೈಗೆಲ್ಲ ನಂಜೇರಿತ್ತು. ಅದನ್ನು ಕೊಯ್ದು ತೆಗೆದರೆ ಉಳಿದೀತು. ಆದರೆ ಇಷ್ಟು ಕಡಿಮೆ ಪ್ಲೇಟ್‌ಲೆಟ್ ಇರುವ ಮೈಗೆ ಕತ್ತಿ ತಾಗಿಸಿದರೆ ರಕ್ತ ನಿಲ್ಲುವುದಿಲ್ಲ.

ಡಾಕ್ಟರಮ್ಮ ಹೊರಗೆ ಕುಳಿತಿದ್ದ ದರ್ಜಿ ಅಜ್ಜನಿಗೆ ಮೆತ್ತಗೆ ತಿಳಿಸಿದರು: ಕೊಯ್ಯುವಂತಿಲ್ಲ, ನೋವಿಲ್ಲದೆ ಕಳಿಸಿಕೊಡುವುದೇ ಮೇಲು.

"ಹನ್ನೊಂದು ವರ್ಷ ನನ್ನ ಮಿಷಿನ್ ಕೆಳಗೇ ಮಲಗಿದಾಳೆ ತಾಯಿ. ಪೆಡಲ್ ತುಳಿಯೋಕೆ ಅಪ್ಪಣೆ ಕೇಳ್ಬೇಕಿತ್ತು ನಾನು," ಎಂದ ಅಜ್ಜ, ಸೀಮೆಸುಣ್ಣ ಹತ್ತಿದ ಬೆರಳಲ್ಲೇ ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಿದ.

ಲ್ಯಾಬಿನ ಬಾಗಿಲಲ್ಲಿ ನಿಂತಿದ್ದ ಹುಡುಗಿಗೆ ಆ ಬೆರಳು ಕಂಡೊಡನೆ ಬೆಳಗ್ಗೆ ರಕ್ತ ತೆಗೆದದ್ದು ನೆನಪಾಯಿತು. ನರ ಜಾರಿ ರಕ್ತ ತೊಟ್ಟುತೊಟ್ಟಾಗಿ ಬಂದಿತ್ತು. ಅಷ್ಟರಲ್ಲಿ ಅಜ್ಜ ಬಿಕ್ಕಿದ್ದ. ಅವನನ್ನು ಸಮಾಧಾನ ಮಾಡುತ್ತ ಕೊಳವೆಯನ್ನು ತಲೆಕೆಳಗು ಮಾಡಿ, ಹೆಪ್ಪುಗಟ್ಟದಂತೆ ತಳದಲ್ಲಿಟ್ಟ ಔಷಧಿಯೊಡನೆ ರಕ್ತವನ್ನು ಬೆರೆಸುವುದನ್ನೇ ಅವಳು ಮರೆತಿದ್ದಳು.

ಒಳಗೆ ಹೋಗಿ ಗಾಜಿನ ಮೇಲೆ ಆ ರಕ್ತದ ಒಂದು ಹನಿ ಸವರಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಳು. ಗಾಜಿನ ಅಂಚಿನಲ್ಲಿ, ಗುಡುಗಿಗೆ ಹೆದರಿ ಒಂದೇ ಕಂಬಳಿಯೊಳಗೆ ನುಗ್ಗಿದ ಮಕ್ಕಳಂತೆ, ಪ್ಲೇಟ್‌ಲೆಟ್‌ಗಳು ಮುದ್ದೆಮುದ್ದೆಯಾಗಿ ಅಂಟಿಕೊಂಡಿದ್ದವು. ಯಂತ್ರಕ್ಕೆ ಬಿಡಿಬಿಡಿಯಾದರಷ್ಟೇ ಲೆಕ್ಕ.

ಹೋದ ತಿಂಗಳು ಬೆಕ್ಕೊಂದರ ಕೊಳವೆ ಅದಲುಬದಲಾದಾಗ, ಇನ್ನೊಂದು ತಪ್ಪಾದರೆ ಮನೆಯಲ್ಲೇ ಇರು ಎಂದಿದ್ದರು ಡಾಕ್ಟರಮ್ಮ. ಕಾಲು ಹಿಂದೆಮುಂದೆ ನೋಡಿತು. ಆಮೇಲೆ ಓಡಿತು.

ನಾಯಿಯ ತಲೆ ಅಜ್ಜನ ತೊಡೆಯ ಮೇಲಿತ್ತು. ಔಷಧಿ ತುಂಬಿದ ಸಿರಿಂಜು ಡಾಕ್ಟರಮ್ಮನ ಕೈಯಲ್ಲಿ.

"ಮೇಡಂ, ನಿಲ್ಲಿ. ರಕ್ತದ ತಪ್ಪಲ್ಲ, ನಂದು. ಕೊಳವೆ ಬೆರೆಸಿರಲಿಲ್ಲ."

ಸಿರಿಂಜು ಗಾಳಿಯಲ್ಲೇ ನಿಂತಿತು.

"ಇಷ್ಟೊತ್ತು ಬಾಯಲ್ಲಿ ಏನಿಟ್ಕೊಂಡಿದ್ದೆ?" ಎಂದರು ಡಾಕ್ಟರಮ್ಮ. "ಸೂಜಿ ತಾ. ಕತ್ತಿನ ನರದಿಂದ ನಾನೇ ರಕ್ತ ತೆಗೀತೀನಿ."

ಹುಡುಗಿ ಹೊಸ ರಕ್ತದ ಕೊಳವೆಯನ್ನು ಎಂಟು ಸಲ ತಲೆಕೆಳಗು ಮಾಡಿದಳು, ತುಟಿಯಲ್ಲೇ ಎಣಿಸುತ್ತ. ಯಂತ್ರ ಗುರುಗುಟ್ಟಿ ಹೊಸ ಚೀಟಿಯನ್ನು ತಳ್ಳಿತು. ಒಂದು ಲಕ್ಷ ಹತ್ತು ಸಾವಿರ.

"ಕಡಿಮೆಯೇ. ಆದ್ರೆ ಕೊಯ್ಯೋಕೆ ಸಾಕು," ಎಂದು ಡಾಕ್ಟರಮ್ಮ ಕೈ ತೊಳೆಯಲು ಹೊರಟರು. "ನಿನ್ನ ವಿಚಾರ ಆಮೇಲೆ."

ಎರಡು ಗಂಟೆಯ ನಂತರ ಬಾಗಿಲು ತೆರೆಯಿತು. ದೊರೆಸಾನಿಯ ಹೊಟ್ಟೆ ಮೆಲ್ಲಗೆ ಏರಿಳಿಯುತ್ತಿತ್ತು. ನಂಜು ಇಳಿಯುವವರೆಗೆ ಭರವಸೆ ಕೊಡಲಾರೆ ಎಂದರು ಡಾಕ್ಟರಮ್ಮ. ಅಜ್ಜ ಬಗ್ಗಿ, ಹೊಲಿಗೆಯನ್ನು ತುದಿಯಿಂದ ತುದಿಗೆ ನೋಡಿದ.

"ದಾರ ಗಟ್ಟಿ ಇದೆ," ಎಂದ. "ಸಾಲು ಮಾತ್ರ ಸೊಟ್ಟ."