ಕಿಟಕಿಯಿದ್ದ ಚಿಪ್

ಬೀದಿಯವರೆಲ್ಲ ಆ ರಿಪೇರಿ ಅಂಗಡಿಯವನನ್ನು ಚಿಕ್ಕಪ್ಪ ಎಂದೇ ಕರೆಯುತ್ತಿದ್ದರು. ಹಾಗೆ ಕರೆಯುವ ನಿಜವಾದ ಹಕ್ಕಿದ್ದದ್ದು ಅವನ ಅಣ್ಣನ ಮಗಳು ಗುಬ್ಬಿಗೆ ಮಾತ್ರ. ಆ ಗುಬ್ಬಿಗೂ ಈಗ ಕಿವಿಯ ಪಕ್ಕ ನರೆ ಬಂದಿತ್ತು. ಅವಳು ಅಪ್ಪನ ಹಳೆಯ ಕಂಪ್ಯೂಟರನ್ನು ಬೆಡ್‌ಶೀಟಿನಲ್ಲಿ ಸುತ್ತಿ, ಕೂಸನ್ನು ಎತ್ತಿಕೊಂಡಂತೆ ಎತ್ತಿಕೊಂಡು ಬಂದಾಗ ಚಿಕ್ಕಪ್ಪನಿಗೆ ಅಣ್ಣನೇ ಬಂದಷ್ಟು ಸಂತೋಷವಾಯಿತು.

"ಅಟ್ಟದ ಮೇಲಿತ್ತು," ಎಂದಳು. "ಆನ್ ಆಗುತ್ತೆ. ಆದ್ರೆ ಆಟ ತುಂಬೋ ಟೇಪ್ ರೆಕಾರ್ಡರ್ ಹಾಳಾಗಿದೆ, ಒಂದು ಆಟಾನೂ ಬರಲ್ಲ. ಅಪ್ಪ ಹೋಗಿ ವರ್ಷ ಆಯ್ತು ಚಿಕ್ಕಪ್ಪ. ಇದೊಂದಾದ್ರೂ ನಡೀತಾ ಇರ್ಲಿ ಅಂತ."

"ಇದು ನನಗೆ ನೀರು ಕುಡಿದಷ್ಟು ಸುಲಭ," ಎಂದ ಚಿಕ್ಕಪ್ಪ.

ಅದು ಬಡಾಯಿಯೇನಲ್ಲ. ಇಂಥ ಯಂತ್ರಗಳೊಳಗೆ ರೋಮ್ ಎಂಬ ಚಿಪ್ ಇರುತ್ತದೆ. ಸ್ವಿಚ್ ಹಾಕಿದ ಕೂಡಲೇ ಏನು ಮಾಡಬೇಕೆಂದು ಯಂತ್ರಕ್ಕೆ ಹೇಳಿಕೊಡುವುದು ಅದೇ. ಹಳೆಯದನ್ನು ಕಿತ್ತು ತಾನೇ ಬರೆದ ಹೊಸ ರೋಮ್ ಕೂರಿಸಿದರೆ ಮುದಿ ಯಂತ್ರವೂ ಟೇಪಿನ ಹಂಗಿಲ್ಲದೆ ಆಟ ಆಡಿಸುತ್ತದೆ. ಅದನ್ನು ಚಿಕ್ಕಪ್ಪನಷ್ಟು ಚೆನ್ನಾಗಿ ಮಾಡುವವರು ಸುತ್ತಮುತ್ತ ಯಾರೂ ಇರಲಿಲ್ಲ.

ಮುಚ್ಚಳ ಬಿಚ್ಚಿ, ಹಳೆಯ ಚಿಪ್ಪನ್ನು ಮೆಲ್ಲಗೆ ಎಬ್ಬಿಸಿ ತೆಗೆದ. ಅದರ ಬೆನ್ನ ಮೇಲೆ ಪುಟ್ಟ ಗಾಜಿನ ಕಿಟಕಿ, ಕಿಟಕಿಗೆ ಅಂಟಿಸಿದ ಕಪ್ಪು ಟೇಪು. ಟೇಪು ಕಿತ್ತು ನೇರಳಾತೀತ ದೀಪದ ಕೆಳಗಿಟ್ಟರೆ ಒಳಗೆ ಬರೆದದ್ದೆಲ್ಲ ಅಳಿಸಿಹೋಗಿ, ಚಿಪ್ ಮತ್ತೆ ಬರೆಯುವುದಕ್ಕೆ ಒದಗುತ್ತದೆ. ಅಂಥ ಚಿಪ್ ಈಗ ದುಡ್ಡು ಕೊಟ್ಟರೂ ಸಿಗುವುದಿಲ್ಲ. ಅಳಿಸುವ ಮೊದಲು ಓದಿ ಒಂದು ಪ್ರತಿ ಇಟ್ಟುಕೊಳ್ಳಿ ಎಂದು ಕೆಲಸ ಕಲಿಯಲು ಬಂದವರಿಗೆಲ್ಲ ಅವನು ಬೈದು ಬೈದು ಹೇಳುತ್ತಿದ್ದ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಚ್ಚಲಿಗೆ ಬಿತ್ತಂತೆ. ಅಣ್ಣನ ಯಂತ್ರ ತಾನೇ, ಅದರಲ್ಲಿ ಕಂಪನಿಯವರು ಬರೆದದ್ದಲ್ಲದೆ ಇನ್ನೇನಿರುತ್ತದೆ? ಬಲ್ಬು ಬದಲಿಸಲೂ ತಮ್ಮನನ್ನು ಕರೆಯುತ್ತಿದ್ದ ಮನುಷ್ಯ ಅವನು. ಚಿಕ್ಕಪ್ಪ ಟೇಪು ಕಿತ್ತು, ಚಿಪ್ಪನ್ನು ದೀಪದ ಪೆಟ್ಟಿಗೆಯೊಳಗಿಟ್ಟು ಸ್ವಿಚ್ ಒತ್ತಿದ.

ಗುಬ್ಬಿ ಬೆಡ್‌ಶೀಟು ಮಡಿಸುತ್ತ ಕೇಳಿದಳು. "ಹೊಸದು ಹಾಕಿದ್ಮೇಲೂ ಅದು ನನ್ನ ಮಾತಾಡಿಸುತ್ತಲ್ವಾ?"

"ಏನು ಮಾತಾಡಿಸೋದು?"

"ಅದೇ, ಆನ್ ಮಾಡಿದ್ ತಕ್ಷಣ ಬರುತ್ತಲ್ಲ. 'ಬಂದ್ಯಾ ಗುಬ್ಬಿ? ತಿಂಡಿ ತಿಂದ್ಯಾ?' ಅಂತ. ಚಿಕ್ಕೋಳಿದ್ದಾಗ ಎಲ್ಲಾ ಕಂಪ್ಯೂಟರೂ ಹಂಗೇ ಕೇಳುತ್ತೆ ಅಂದ್ಕೊಂಡಿದ್ದೆ. ನೀವೇ ತಾನೇ ಅಪ್ಪಂಗೆ ಮಾಡಿಕೊಟ್ಟಿದ್ದು?"

ಚಿಕ್ಕಪ್ಪ ದೀಪದ ಪೆಟ್ಟಿಗೆಯ ಕಡೆ ತಿರುಗಿದ. ಅವನು ಮಾಡಿಕೊಟ್ಟಿರಲಿಲ್ಲ. ಸ್ಟೂಲು ಉರುಳಿದ್ದನ್ನೂ ಲೆಕ್ಕಿಸದೆ ಹೋಗಿ ದೀಪ ಆರಿಸಿದ. ಚಿಪ್ಪನ್ನು ಓದುವ ಯಂತ್ರಕ್ಕೆ ಸಿಕ್ಕಿಸಿದ. ಪರದೆಯ ತುಂಬ ಅರ್ಥವಿಲ್ಲದ ಗುರುತುಗಳು.

"ಅಳಿಸಿಬಿಟ್ಟೆ ಕಣೆ," ಎಂದ.

ಅವಳು ಮಡಿಸಿದ್ದ ಬೆಡ್‌ಶೀಟನ್ನು ಬಿಚ್ಚಿ ಮತ್ತೆ ಮಡಿಸಿದಳು. "ಹೋಗ್ಲಿ ಬಿಡಿ," ಎಂದಳು. ಬೈದಿದ್ದರೆ ಚಿಕ್ಕಪ್ಪನಿಗೆ ಹಗುರಾಗುತ್ತಿತ್ತು.

ಅವನಿಗೆ ಹಳೆಯದೊಂದು ಸಂಗತಿ ನೆನಪಾಯಿತು. ಹಿಂದೊಮ್ಮೆ ಅವನು ಬೇರೆ ಊರಿಗೆ ಹೊರಟಾಗ ಅಣ್ಣ "ಅಂಗಡಿ ನಾನು ನೋಡ್ಕೋತೀನಿ" ಎಂದು ಬೀಗದ ಕೈ ಇಸಿದುಕೊಂಡಿದ್ದ. ತಿರುಗಿ ಬಂದರೆ ಕಸದ ಡಬ್ಬಿಯ ತುಂಬ ಕೆಟ್ಟ ಚಿಪ್‌ಗಳು. ಚಿಕ್ಕಪ್ಪ ಚಿಪ್ ಮಾರಿದವನ ವಂಶವನ್ನೇ ಜಾಲಾಡಿದ್ದ. ಅಣ್ಣ ಪಕ್ಕದಲ್ಲೇ ನಿಂತು, "ಹೌದಪ್ಪ, ಕಾಲ ಕೆಟ್ಟೋಯ್ತು" ಎಂದು ತಲೆಯಾಡಿಸಿದ್ದ. ಅಣ್ಣನದು ಕಾರ್ಖಾನೆಯಲ್ಲಿ ಮಧ್ಯಾಹ್ನದ ಪಾಳಿ. ತಾಯಿಯಿಲ್ಲದ ಮಗು ಶಾಲೆಯಿಂದ ಬಂದರೆ ಮನೆಯಲ್ಲಿ ಮಾತಾಡಿಸುವವರು ಯಾರೂ ಇರುತ್ತಿರಲಿಲ್ಲ. ಬಲ್ಬು ಬದಲಿಸಲು ಬಾರದವನು ಅದಕ್ಕೋಸ್ಕರ ಕದ್ದು ಕದ್ದು ಈ ವಿದ್ಯೆ ಕಲಿತಿದ್ದ. ಅದು ಗೊತ್ತಿಲ್ಲದೆ ಚಿಕ್ಕಪ್ಪ ಅವನನ್ನು ಜೀವನಪೂರ್ತಿ ಗೇಲಿ ಮಾಡಿದ್ದ.

"ಇರು, ಹೋಗ್ಬೇಡ," ಎಂದ. "ದೀಪ ಪೂರ್ತಿ ಹೊತ್ತು ಉರಿದಿಲ್ಲ."

ಅರ್ಧ ಅಳಿಸಿದ ಚಿಪ್ಪಿನಲ್ಲಿ ಬರೆದದ್ದು ಪೂರ್ತಿ ಹೋಗಿರುವುದಿಲ್ಲ, ಮಾಸಿರುತ್ತದೆ. ಅದಕ್ಕೆ ಕೊಡುವ ಕರೆಂಟಿನ ವೋಲ್ಟೇಜು ತಗ್ಗಿಸಿ ಓದಿದರೆ ಕೆಲವೊಮ್ಮೆ ಹಳೆಯದು ಮೇಲೆ ಬರುತ್ತದೆ. ಚಿಕ್ಕಪ್ಪ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿ ಓದಿದ. ಕಸ. ಇನ್ನೊಂಚೂರು ತಗ್ಗಿಸಿದ. ಮತ್ತೆ ಕಸವೇ. ಗುಬ್ಬಿ ಎದ್ದು ಬಂದು ಅವನ ಹೆಗಲ ಹಿಂದೆ ನಿಂತಳು. ಇನ್ನೂ ತಗ್ಗಿಸಿದರೆ ಚಿಪ್ ಮಾತೇ ಆಡದು ಎನ್ನುವಷ್ಟರಲ್ಲಿ, ಕಸದ ನಡುವೆ ಅವಳ ಹೆಸರು ಕಾಣಿಸಿತು. ಇಂಗ್ಲಿಷ್ ಅಕ್ಷರಗಳಲ್ಲಿ, ಅಣ್ಣನ ಮಾತು. ಒಂದೆರಡು ಅಕ್ಷರ ಮುಕ್ಕಾಗಿದ್ದವು, ಅಷ್ಟೆ.

ಅದನ್ನು ಹೊಸ ರೋಮಿಗೆ ಸೇರಿಸಿ ಬರೆಯುವಾಗ ಚಿಕ್ಕಪ್ಪ ಧಾರಾಳವಾಗಿ ಅತ್ತ, ಮುಚ್ಚಿಡುವ ಗೋಜಿಗೆ ಹೋಗಲಿಲ್ಲ.

ಚಿಪ್ ಕೂರಿಸಿ, ಟಿವಿಗೆ ತಂತಿ ಸಿಕ್ಕಿಸಿ, ಸ್ವಿಚ್ ಒತ್ತುವ ಕೆಲಸ ಅವಳಿಗೆ ಬಿಟ್ಟ. ಬಂದ್ಯಾ ಗುಬ್ಬಿ? ತಿಂಡಿ ತಿಂದ್ಯಾ? ಎಂದಿತು ಪರದೆ. ಅವಳ ಬೆರಳುಗಳು ತಾವಾಗಿಯೇ ಕೀಲಿಮಣೆಯ ಮೇಲೆ ಹೋದವು. ತಿಂದೆ ಅಪ್ಪ, ಎಂದು ಟೈಪ್ ಮಾಡಿದಳು. ಪರದೆ ಟುಯ್ ಎಂದು ಸದ್ದು ಮಾಡಿ, ಆಜ್ಞೆ ತಪ್ಪಾಗಿದೆ ಎಂದಿತು.

"ಅದಕ್ಕೆ ಉತ್ತರ ಅರ್ಥ ಆಗಲ್ಲ ಕಣೆ. ಈಗ ಬೇಕಾದ್ರೆ ಅದನ್ನೂ ಸರಿ ಮಾಡ್ತೀನಿ, ಸಣ್ಣ ಕೆಲಸ," ಎಂದ ಚಿಕ್ಕಪ್ಪ.

"ಬೇಡ," ಎಂದಳು ಗುಬ್ಬಿ. ಕಣ್ಣು ತುಂಬಿತ್ತು, ಆದರೂ ನಗುತ್ತಿದ್ದಳು. "ದಿನಾ ಹೇಳ್ತಿದ್ದೆ, ದಿನಾ ತಪ್ಪು ಅಂತಿತ್ತು. ಆಮೇಲೆ ಅಪ್ಪ ಪಾಳಿ ಮುಗಿಸಿ ಬಂದು, ಚಪ್ಪಲಿ ಬಿಡೋಕ್ ಮುಂಚೆ ಅದನ್ನೇ ಇನ್ನೊಂದ್ಸಲ ಕೇಳೋರು."

ಚಿಕ್ಕಪ್ಪ ಉರುಳಿದ್ದ ಸ್ಟೂಲನ್ನು ಎತ್ತಿ ನಿಲ್ಲಿಸಿದ. ಕೈ ಒರೆಸಿಕೊಂಡ.

"ತಿಂಡಿ ತಿಂದ್ಯಾ ಗುಬ್ಬಿ?" ಎಂದು ಕೇಳಿದ.

"ಇಲ್ಲ ಚಿಕ್ಕಪ್ಪ," ಎಂದಳು ಅವಳು. "ಬೆಳಿಗ್ಗೆಯಿಂದ ಏನೂ ತಿಂದಿಲ್ಲ."