ಔಸೇಪರ ಹೆಸರಿನ ಸಾಲು

ನನಗೆ ಕಣ್ಣು ಕಾಣುವುದಿಲ್ಲ. ಸಿಟ್ಟು ಮಾತ್ರ ಚೆನ್ನಾಗಿ ಬರುತ್ತದೆ.

ಕೇರಳದ ಚಾಲಕ್ಕುಡಿಯ ನಮ್ಮ ಶಾಲೆಯಲ್ಲಿ ಹತ್ತನೇ ತರಗತಿಗೆ ಚರಿತ್ರೆ ಹೇಳಿಕೊಡುವವಳು ನಾನು. ಈ ಸಲ ಪಠ್ಯ ಬದಲಾಯಿತು, ಬ್ರೈಲ್ ಪುಸ್ತಕ ಬರಲಿಲ್ಲ. ಲ್ಯಾಬಿನ ಲಿನಕ್ಸ್ ಕಂಪ್ಯೂಟರಿಗೋ ಇಂಗ್ಲಿಷ್ ಓದುವುದಷ್ಟೇ ಗೊತ್ತು. ಮಲಯಾಳಂ ಓದಿ ಹೇಳುವ ತಂತ್ರಾಂಶವನ್ನು ಕಂಪ್ಯೂಟರ್ ಮೇಷ್ಟ್ರು ಪ್ರದೋಷ್ ಮಾಷ್ ತಂದು ಹಾಕಿದರು. ಅದು ಜಪ್ಪಯ್ಯ ಅಂದರೂ ಶುರುವಾಗಲಿಲ್ಲ. ಮಧ್ಯಾಹ್ನದೊಳಗೆ ಅದು ಓದದಿದ್ದರೆ ತರಗತಿ ಬೇರೆಯವರಿಗೆ ಅಂದುಬಿಟ್ಟರು ಹೆಡ್ ಟೀಚರ್. ಅವರ ಬಾಯಲ್ಲಿ ಹಾಗೆ ಹೇಳಿಸಿದವರು ಪೋಷಕರ ಸಂಘದ ಅಧ್ಯಕ್ಷ, ಊರಿಗೆಲ್ಲ ಅಣ್ಣನಾದ ಪೌಲೋಸ್ ಚೇಟ್ಟ. ಆ ಕಂಪ್ಯೂಟರ್ ದಾನ ಕೊಟ್ಟವರೂ ಅವರೇ.

"ಅಂಥ ಫೈಲೇ ಇಲ್ಲ ಅಂತಿದೆ, ಜಲಜ ಟೀಚರ್," ಅಂದರು ಮಾಷ್. "ಕಣ್ಣೆದುರಿಗೇ ಇದೆಯಲ್ಲ ಮಾರಾಯ್ರೆ!"

"ಕಣ್ಣಿರೋರ ಹಣೆಬರಹವೇ ಇಷ್ಟು. ಏಳಿ, ನಾನು ಕೂರ್ತೀನಿ."

ಬಾಗಿಲಲ್ಲಿದ್ದ ಪೌಲೋಸ್ ಚೇಟ್ಟ ನಕ್ಕರು. "ಯಾಕೆ ಟೀಚರೇ ಹಠ? ಸಂಬಳ ಹೇಗೂ ಬರುತ್ತೆ. ಲೈಬ್ರರೀಲಿ ಆರಾಮಾಗಿ ಕೂತಿರಿ."

ಮೈಯೆಲ್ಲ ಉರಿಯಿತು. ಕೂತಿರಲು ನಾನೇನು ಕಪಾಟೇ?

ಕಾಲೇಜಿನಿಂದಲೂ ಲಿನಕ್ಸ್ ಜೊತೆ ಏಗಿದವಳು ನಾನು. ಆ ತಪ್ಪಿನ ಸಂದೇಶವನ್ನು ಹಳೆಯ ಇಂಗ್ಲಿಷ್ ದನಿಯಲ್ಲಿ ಅಕ್ಷರ ಅಕ್ಷರವಾಗಿ ಓದಿಸಿದೆ. ಕಣ್ಣಿದ್ದವರು ಕೊನೆಯ 'ಇಲ್ಲ'ಕ್ಕೇ ಹಾರುತ್ತಾರೆ. ನಾನು ಪೂರ್ತಿ ಕೇಳಲೇಬೇಕು. ನಡುವೆ ಬೇಡದ ಒಂದು ಇಂಗ್ಲಿಷ್ 'ಎಂ' ಅಕ್ಷರ ಸಿಕ್ಕಿತು. ಬೇರೆ ಬಗೆಯ ಕಂಪ್ಯೂಟರಿನಲ್ಲಿ ಫೈಲ್ ತಿದ್ದಿದರೆ ಪ್ರತಿ ಸಾಲಿನ ತುದಿಗೂ ಅಂಟಿಕೊಳ್ಳುವ, ಫೈಲ್ ತೆರೆದು ನೋಡಿದರೆ ಕಾಣದ ಗುರುತು ಅದು. ಲಿನಕ್ಸ್ ಅದನ್ನೂ ಫೈಲಿನ ಹೆಸರಿನ ಭಾಗವೆಂದುಕೊಂಡು, ಇಲ್ಲದ್ದನ್ನು ಹುಡುಕುತ್ತಿತ್ತು.

"ಮಾಷೇ, ಶುರು ಮಾಡೋ ಫೈಲನ್ನ ಮನೇಲಿ ತೆಗೆದು ತಿದ್ದಿದ್ರಾ?"

"ಒಂದೇ ಒಂದು ಸಾಲು ಸೇರಿಸ್ದೆ. ಚೇಟ್ಟ ಹೇಳಿದ್ರು ಅಂತ..."

ಆ ಸಾಲನ್ನು ಮಾಷ್ ಕೈಯಲ್ಲೇ ಓದಿಸಿದೆ. ಶುರುವಾದಾಗಲೆಲ್ಲ ಹೇಳಬೇಕಾದ ಮಾತಂತೆ: 'ಔಸೇಪರ ಸ್ಮರಣಾರ್ಥ, ಮಗ ಪೌಲೋಸ್.'

ಎಲ್ಲ ಸಾಲುಗಳಿಂದ ಆ ಗುರುತನ್ನು ಕಿತ್ತೆ. ಆಮೇಲೆ ಔಸೇಪರ ಸಾಲನ್ನೂ ಅಳಿಸಿದೆ.

"ಅಯ್ಯೋ, ನಮ್ಮಪ್ಪನ ಹೆಸರು!"

"ಫ್ಯಾನ್ ಮೇಲಿದೆ, ಬೆಂಚಿನ ಮೇಲಿದೆ, ನೀರಿನ ಡ್ರಮ್ಮಿನ ಮೇಲೂ ಇದೆ. ನನ್ನ ಪಾಠದ ಮೇಲೆ ಬೇಡ."

ಕೀಲಿ ಒತ್ತಿದೆ. ಹೊಸ ದನಿ ಮಲಯಾಳಂನಲ್ಲಿ ಮೊದಲ ಪಾಠ ಶುರುಮಾಡಿತು. ಒರಟು ದನಿ, ಆದರೂ ಕೇಳಿ ಹೊಟ್ಟೆ ತಣ್ಣಗಾಯಿತು. ಎರಡು ಪುಟ ಪೂರ್ತಿ ಓದಿಸಿದೆ.

ಗಂಟೆ ಹೊಡೆಯಿತು. ಕೋಲು ಹಿಡಿದು ಎದ್ದೆ.

"ಬಾಗಿಲು ಬಿಡಿ ಚೇಟ್ಟ. ಹತ್ತನೇ ತರಗತಿ ನನಗೆ ಕಾಯ್ತಿದೆ."